ಬಲಗಣ್ಣಿನ ರೆಪ್ಪೆ

2025ರ ಮಾರ್ಚ್ 11, ಮಂಗಳವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ಔಷಧಿ ಅಂಗಡಿಯ ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದವನು, ಕೌಂಟರಿನ ಹಿಂದೆ ಔಷಧಿ ಕೊಡುತ್ತಿದ್ದ ಅವಳತ್ತ ನೋಡಿ ಬಲಗಣ್ಣು ಹೊಡೆದ.

ಹಾಗೆಂದು ಅವಳಿಗೆ ಅನಿಸಿತು.

ಅವನು ರಸ್ತೆಯಾಚೆಯ ಕನ್ನಡಕದ ಅಂಗಡಿಯವನು. ಇತ್ತೀಚೆಗೆ ಆಗಾಗ ಬಂದು ಹತ್ತಿಯ ಕಟ್ಟು ಕೊಂಡು ಹೋಗುತ್ತಿದ್ದ. ಕನ್ನಡಕದವನಿಗೆ ಇಷ್ಟೊಂದು ಹತ್ತಿ ಯಾಕೆ ಎಂದು ಅವಳು ಯೋಚಿಸಿದ್ದುಂಟು. ಚಿಲ್ಲರೆ ಎಣಿಸುವಾಗ ಅವನ ಕಣ್ಣು ತನ್ನ ಕೈಬೆರಳುಗಳ ಮೇಲೆ ಬಂದು ಕೂರುವುದನ್ನು ಗಮನಿಸಿದ್ದೂ ಉಂಟು. ಇವತ್ತು ಮಾತ್ರ ಆ ರೆಪ್ಪೆ ನಿಧಾನವಾಗಿ ಇಳಿಯಿತು, ಅರ್ಧಕ್ಕೆ ನಿಂತಿತು, ಮೇಲೇಳಲೇ ಇಲ್ಲ.

"ಕಣ್ಣು ಹೊಡೆಯೋದಿದ್ರೆ ನಿಮ್ಮ ಅಂಗಡೀಲೇ ಬೇಕಾದಷ್ಟು ಕನ್ನಡಿಗಳಿವೆಯಲ್ಲ, ಅಲ್ಲೇ ಹೊಡ್ಕೊಳ್ಳಿ," ಎಂದಳು. ಧ್ವನಿ ಅಂದುಕೊಂಡದ್ದಕ್ಕಿಂತ ಜೋರಾಯಿತು. ಸಾಲಿನಲ್ಲಿದ್ದವರು ನಕ್ಕರು.

ಅವನು ಸಾಲು ಬಿಟ್ಟ. ಅಂಗೈಯನ್ನು ಕಣತಲೆಗೆ ಒತ್ತಿಕೊಂಡು ಹೊರಗೆ ಹೋದ. ಇನ್ನೊಂದು ಕೈಯಲ್ಲಿ ಮಡಚಿದ ಚೀಟಿಯಿತ್ತು.

ಆ ಚೀಟಿ ಮಧ್ಯಾಹ್ನ ಅವನ ಅಕ್ಕನ ಕೈಯಲ್ಲಿ ಬಂತು. ತಮ್ಮನಿಗೆ ಅರ್ಧ ತಲೆ ಸೀಳುವಂಥ ನೋವು, ಎರಡು ವಾರದಿಂದ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತೆ, ಮೂಗಿಗೆ ಹೊಡೆದುಕೊಳ್ಳುವ ಮರಗಟ್ಟಿಸುವ ಸ್ಪ್ರೇಯನ್ನು ಈ ಅಂಗಡಿಯಲ್ಲೇ ತಯಾರಿಸಿ ಕೊಡುತ್ತಾರೆಂದು ಡಾಕ್ಟರ್ ಹೇಳಿದ್ದಾರೆ ಎಂದು ಆಕೆ ಒಂದೇ ಉಸಿರಿಗೆ ಹೇಳಿದಳು. ನೋವು ಬಂದಾಗ ಆ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದಂತೆ, ರೆಪ್ಪೆ ಜೋತುಬೀಳುತ್ತದಂತೆ.

"ಬೆಳಗ್ಗೆ ಇಲ್ಲಿ ಯಾರೋ ಹುಡುಗಿ, ಕಣ್ಣು ಹೊಡೆದೆ ಅಂತ ಬೈದ್ಲಂತೆ. ನಮ್ಮೋನಿಗೆ ಫೋಟೋಗೆ ಎರಡು ಕಣ್ಣೂ ನೆಟ್ಟಗೆ ಬಿಡೋಕೆ ಬರಲ್ಲ ಕಣಮ್ಮ, ಅವನು ಕಣ್ಣು ಹೊಡೀತಾನಾ? ಯಾರವಳು?"

"ನಾನೇ," ಎಂದಳು ಅವಳು.

ಅಕ್ಕ ಅವಳ ಮುಖ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜೋತುಬಿದ್ದ ರೆಪ್ಪೆ, ಒಂದೇ ಕಣ್ಣಿನ ನೀರು: ಕಾಲೇಜಿನಲ್ಲಿ ಈ ಲಕ್ಷಣಗಳನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ಅವಳು.

ಒಳಕೋಣೆಗೆ ಹೋಗಿ ಕೈಗವಸು ಹಾಕಿಕೊಂಡಳು. ಬಿಳಿ ಪುಡಿಯನ್ನು ತಕ್ಕಡಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದಳು. ಅಂಗಡಿಯವರು ಅವಳನ್ನು 'ಮಿಲಿಗ್ರಾಂ' ಎಂದು ಕರೆಯುತ್ತಿದ್ದುದು ಸುಮ್ಮನಲ್ಲ. ಕೂದಲೆಳೆಯ ತೂಕ ಹೆಚ್ಚಾದರೂ ತೆಗೆಯುತ್ತಿದ್ದಳು. ಮಾತನ್ನು ಮಾತ್ರ ತೂಗಿರಲಿಲ್ಲ. ಪುಡಿಯನ್ನು ಉಪ್ಪುನೀರಿನಲ್ಲಿ ಕರಗಿಸಿ, ಸೋಸಿ, ಕಂದು ಬಾಟಲಿಗೆ ತುಂಬಿ, ಪಂಪು ಕೂರಿಸಿ, ಕಪ್ಪು ಕಾಗದದ ಮೇಲೆ ಹೊಡೆದು ನೋಡಿದಳು. ಹನಿಗಳು ಸಮವಾಗಿ ಹರಡಿದವು. ಅವಳ ಕೆನ್ನೆ ಇನ್ನೂ ಉರಿಯುತ್ತಿತ್ತು.

ಇಂಥ ಔಷಧಿಯ ಬಳಕೆಯನ್ನು ರೋಗಿಗೇ ತೋರಿಸಿಕೊಡಬೇಕು. ಅವನು ಇಲ್ಲಿಗೆ ಕಾಲಿಡುವುದಿಲ್ಲ ಎಂದಿದ್ದಾನೆಂದು ಅಕ್ಕ ಹೇಳಿದಳು. ಹಾಗಾದರೆ ನಾಳೆ ನಾನೇ ಬರುತ್ತೇನೆ ಎಂದಳು ಅವಳು.

ಕನ್ನಡಕದ ಅಂಗಡಿಯ ಗೋಡೆ ತುಂಬ ಕನ್ನಡಿ. ಎತ್ತ ತಿರುಗಿದರೂ ಅವಳದೇ ತಗ್ಗಿದ ತಲೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಕ್ಷಮೆಯ ಮಾತುಗಳಲ್ಲಿ ಮೊದಲನೆಯದು ಹೊರಬೀಳುವಷ್ಟರಲ್ಲಿ ಅವನು ಮೇಜಿನ ಅಂಚು ಹಿಡಿದುಕೊಂಡ. ಬಲಗಣ್ಣು ಕೆಂಪಾಯಿತು. ರೆಪ್ಪೆ ನಿನ್ನೆಯಂತೆಯೇ ನಿಧಾನವಾಗಿ ಇಳಿಯಿತು. ಅದರಡಿಯಿಂದ ನೀರು ಧಾರೆಯಾಗಿ ಇಳಿಯಿತು. ಇದನ್ನು ತುಂಟತನ ಅಂದುಕೊಂಡೆನಲ್ಲ ಎಂದು ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಅವನನ್ನು ಒರಗಿಸಿದಳು. ತಲೆಯನ್ನು ಹಿಂದಕ್ಕೆ ಬಾಗಿಸಿ, ನೋವಿರುವ ಬಲಕ್ಕೆ ತುಸು ತಿರುಗಿಸಿ, ಅದೇ ಕಡೆಯ ಮೂಗಿನ ಹೊಳ್ಳೆಗೆ ಸ್ಪ್ರೇ ಹೊಡೆದಳು. ಕಹಿ ಗಂಟಲಿಗೆ ಇಳಿಯುತ್ತದೆ, ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಮೆತ್ತಗೆ ಹೇಳಿದಳು. ಅವನ ಬೆರಳುಗಳು ಅವಳ ಕೋಟಿನ ತೋಳನ್ನು ಹಿಡಿದಿದ್ದವು. ಬಿಡಿಸಿಕೊಳ್ಳಲಿಲ್ಲ.

ನೋವು ಪೂರ್ತಿ ಹೋಗಲಿಲ್ಲ. ಆದರೆ ಹಲ್ಲು ಕಚ್ಚದೆ ಉಸಿರಾಡುವಷ್ಟು ಇಳಿಯಿತು.

"ನಿನ್ನೆ ಎಲ್ಲರ ಮುಂದೆ ನಿಮ್ಮ ಮಾನ ತೆಗೆದೆ," ಎಂದಳು. "ಸಾಲಿನಲ್ಲಿದ್ದವರಿಗೆಲ್ಲ ಹೇಳ್ತೀನಿ, ತಪ್ಪು ನನ್ನದು ಅಂತ."

"ಹೇಳ್ಬೇಡಿ." ಗಂಟಲು ಮರಗಟ್ಟಿ ಅವನ ಮಾತು ದಪ್ಪವಾಗಿತ್ತು. "ನಿನ್ನೆ ಸುಮ್ನಿದ್ದಿದ್ದು ನೋವೊಂದಕ್ಕೇ ಅಲ್ಲ. ನೀವು ಹೇಳಿದ್ದು ಪೂರ್ತಿ ಸುಳ್ಳು ಅನ್ನೋಕೆ ನಂಗೆ ಮುಖ ಇರ್ಲಿಲ್ಲ. ಅಷ್ಟೊಂದು ಹತ್ತಿ ತಗೊಂಡೆನಲ್ಲ, ಒಂದು ಕಟ್ಟೂ ಬಿಚ್ಚಿಲ್ಲ."

ಮೇಜಿನ ಕೆಳಗಿನ ಖಾನೆಯತ್ತ ಕೈ ತೋರಿಸಿದ. ನೀಲಿ ಕಾಗದದ ಹತ್ತಿ ಕಟ್ಟುಗಳು ಸಾಲಾಗಿ ಕೂತಿದ್ದವು.

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅದಕ್ಕಿಂತ ಆಳದ ನಾಚಿಕೆ. ಅವನು ಇಷ್ಟು ನಿಜ ಹೇಳಿದ ಮೇಲೆ ತನ್ನದನ್ನು ಮುಚ್ಚಿಡುವುದು ಕಳ್ಳತೂಕವಾದೀತು.

"ಕಣ್ಣು ಹೊಡೆದ್ರಿ ಅಂದ್ಕೊಂಡ ಆ ಒಂದು ಕ್ಷಣ," ಎಂದಳು, ಕನ್ನಡಿಗಳಲ್ಲಿ ಎಲ್ಲಿಯೂ ನೋಡದೆ, "ನಂಗೆ ಕೋಪ ಬರ್ಲಿಲ್ಲ. ಇಷ್ಟ ಆಯ್ತು. ಅದಕ್ಕೇ ಅಷ್ಟು ಜೋರಾಗಿ ಬೈದೆ."

ಅವನು ಕೋಟಿನ ತೋಳು ಬಿಟ್ಟು, ಅವಳ ಬೆರಳು ಹಿಡಿದ.

ನೋವು ತೀರಾ ಹಗುರಾದ ಮೇಲೆ ಜೇಬಿನಿಂದ ಕಣ್ಣಳತೆಯ ಪಟ್ಟಿ ತೆಗೆದು ಅವಳಿಗೆ ಕೊಟ್ಟ. "ಮಿಲಿಗ್ರಾಂ ಮೇಡಂ, ಇನ್ನು ಕಣ್ಣಂದಾಜು ಬೇಡ. ನೋವಿಗೆ ಇಳಿದ ರೆಪ್ಪೆಯೋ, ಕಣ್ಣು ಹೊಡೆದದ್ದೋ, ಅಳೆದು ಹೇಳಿ."

ಅಳೆಯಬೇಕಾದರೆ ಕಣ್ಣಲ್ಲಿ ಕಣ್ಣಿಡಲೇಬೇಕು. ಅವಳು ತಲೆಯೆತ್ತಿದಳು, ಪಟ್ಟಿಯನ್ನು ಅವನ ಮುಖದ ಹತ್ತಿರ ಹಿಡಿದಳು. ಎಡಗಣ್ಣಿನ ರೆಪ್ಪೆಗಳ ನಡುವೆ ಹತ್ತು ಮಿಲಿಮೀಟರ್. ಬಲಗಣ್ಣಿನದು ಇನ್ನೂ ಏಳು.

"ಈಗ?" ಎಂದ.

ಅವಳು ಮತ್ತೆ ಅಳೆದಳು. ಎಡಗಣ್ಣು, ಹತ್ತು ಮಿಲಿಮೀಟರ್. ಬಲಗಣ್ಣು, ಸೊನ್ನೆ.