ದಡದಲ್ಲಿ ಕೈ ಬೀಸಿದವಳು

“ನನ್ನ ನೋಡಿ ನಗಾಕ್ಹತ್ತೀರೇನು?”

ಬಾಗಿಲಲ್ಲೇ ನಿಂತು ದ್ರಾಕ್ಷಾಯಿಣಿ ಕೇಳಿದಳು. ಮೊಣಕೈವರೆಗೂ ಜೋಳದ ಹಿಟ್ಟು, ಕಂಕುಳಲ್ಲಿ ರೊಟ್ಟಿಯ ಬುತ್ತಿ. ಮಣಿಪಾಲದ ಹಾಸ್ಟೆಲೊಂದರ ಅಡುಗೆಮನೆಯಿಂದ ಹೆರಾಲ್ಡರ ಕಂಪ್ಯೂಟರ್ ಅಂಗಡಿಗೆ ಊಟ ತಂದದ್ದು ಅದೇ ಮೊದಲು. ಒಳಗೆ ರಿಪೇರಿ ಕೆಲಸದ ಪಾಸ್ಕಲ್ ಹೊಟ್ಟೆ ಹಿಡಿದು ನಗುತ್ತಿದ್ದ.

“ಅಯ್ಯೋ, ನಿಮ್ಮನ್ನಲ್ಲ ಮಾರಾಯ್ರೆ! ಈ ಕಳ್ಳನನ್ನು!”

ಅವನು ಕಂಪ್ಯೂಟರ್ ಆಟದ ಪರದೆ ತಿರುಗಿಸಿದ. ಕಾಪುವಿನ ಕಡಲಿನಂಥ ನೀಲಿ ಕಡಲು. ದುಂಡು ಹೊಟ್ಟೆಯ ಕಡಲ್ಗಳ್ಳನೊಬ್ಬ ಕೋಳಿಗೆ ಹೆದರಿ ಹಡಗಿನ ಕಂಬ ಹತ್ತಿದ್ದ.

ಅವಳೂ ನಕ್ಕುಬಿಟ್ಟಳು...

ಆಮೇಲೆ ಮಧ್ಯಾಹ್ನದ ಬಿಡುವೆಲ್ಲ ಅಲ್ಲಿಯೇ. ಅಪ್ಪನ ಗಾರೆ ಕೆಲಸದ ಹಿಂದೆ ಬಾದಾಮಿ ಕಡೆಯಿಂದ ಬಂದವಳಿಗೆ ಇಂಗ್ಲಿಷ್ ಬಾರದು. ಮೌಸ್ ಅವಳ ಕೈಯಲ್ಲಿ. ಪರದೆಯ ಕೆಳಗೆ ಮೂಡುವ ಮಾತನ್ನು ಕನ್ನಡದಲ್ಲಿ ಓದಿ ಹೇಳುವುದು ಅವನ ಪಾಲು. ಕಳ್ಳನಿಗೆ ಅವನಿಟ್ಟ ಹೆಸರು ಕ್ಯಾಪ್ಟನ್ ಬೋಂಡ. ಕಳ್ಳನ ಜೊತೆಗಾತಿ, ಗುರಿ ತಪ್ಪದ ಬಂದೂಕುಗಾರ್ತಿಗೆ ಇಟ್ಟದ್ದು ‘ದ್ರಾಕ್ಷಿ’.

ಆ ಹೆಸರು ಕೇಳಿದ ದಿನ ಅವಳು ಲಟ್ಟಿಸಿದ ಚಪಾತಿ ಒಂದೂ ದುಂಡಗಾಗಲಿಲ್ಲ!

ಮರುವರ್ಷ ಆಟದ ಎರಡನೆಯ ಭಾಗದ ಸಿ.ಡಿ. ಬಂತು. ಕಡಲು ಕಪ್ಪಾಗಿತ್ತು. ಹಾಡಿಲ್ಲ, ಕೋಳಿಯಿಲ್ಲ, ದೂರದಲ್ಲೆಲ್ಲೋ ಒಂದು ನಗಾರಿ.

“ಯಾಕ್ರೀ ಇಷ್ಟು ಕತ್ತಲ?”

“ಬಣ್ಣ ಎಲ್ಲ ಒಂದನೇ ಭಾಗಕ್ಕೇ ಮುಗಿದಿರಬೇಕು,” ಎಂದ ಪಾಸ್ಕಲ್. ಈ ಸಲ ಓದುವ ಮುಂಚೆ ಅವನು ಒಂದು ಕ್ಷಣ ತಡೆಯುತ್ತಿದ್ದ.

ಕೊನೆಗೆ ಬೋಂಡನ ಹಡಗು ಹೊರಟಿತು. ದ್ರಾಕ್ಷಿ ದಡದಲ್ಲೇ ಉಳಿದು ಎರಡೂ ಕೈ ಬೀಸಿದಳು.

“ಟಾಟಾ ಮಾಡುವುದು. ಅವಳಿಗೆ ಆ ದ್ವೀಪ ಇಷ್ಟವಾಯಿತಂತೆ. ಹೋಟೆಲ್ ಇಡ್ತಾಳಂತೆ!” ಎಂದು ಪಾಸ್ಕಲ್ ಓದಿ ಹೇಳಿದ.

ದ್ರಾಕ್ಷಾಯಿಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹಾಸ್ಟೆಲಿನಲ್ಲಿ ಕಾಪುವಿನ ಹಿಬಾ ಎಂಬ ಹುಡುಗಿ ಇದ್ದಳು. ಅವಳೂ ಅದೇ ಆಟ ಆಡಿದವಳು. ರೊಟ್ಟಿ ಬಡಿಸುತ್ತ ದ್ರಾಕ್ಷಾಯಿಣಿ ಹೋಟೆಲಿನ ತಮಾಷೆ ಹೇಳಿದಾಗ ಹಿಬಾ ಊಟ ನಿಲ್ಲಿಸಿದಳು.

“ಎಂತ ಹೋಟೆಲ್ ಅಕ್ಕಾ? ಬಂಗಾರದ ಆಸೆಗೆ ಅವಳಿಗೆ ಹೇಳದೆ ಬಿಟ್ಟು ಹೋಗುವುದಲ್ವಾ ಅವನು! ಅದು ಟಾಟಾ ಅಲ್ಲ. ‘ನಿಲ್ಲಿಸಿ’ ಅಂತ ಕೂಗುವುದು. ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ!”

ದ್ರಾಕ್ಷಾಯಿಣಿಯ ಕೈಯಲ್ಲಿದ್ದ ರೊಟ್ಟಿ ಮುರಿಯಿತು. ‘ಅವಳು ಕೂಗುವಾಗ ನಾನು ನಕ್ಕೆನೇ... ನನ್ನ ಪಕ್ಕದಲ್ಲೇ ಕೂತು ನಗಿಸಿದನೇ!’

ನೇರ ಅಂಗಡಿಗೆ ಹೋದಳು.

“ಓದಾಕ ಬರದಾಕಿ, ಏನು ಹೇಳಿದ್ರೂ ನಂಬತಾಳ ಅಂತ ತಿಳಿದ್ರೇನು?”

ಪಾಸ್ಕಲ್ ಸ್ಕ್ರೂಡ್ರೈವರ್ ಕೆಳಗಿಟ್ಟ. “ಅವಳಿಗೆ ನಿನ್ನ ಹೆಸರಿಟ್ಟದ್ದು ನಾನೇ ಅಲ್ವಾ? ಅವಳನ್ನು ಬಿಟ್ಟು ಹೋದ ಅಂತ ಯಾವ ಬಾಯಲ್ಲಿ ಓದುವುದು?” ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ಹಾಕಿದ. “ಇನ್ನೊಂದು ಉಂಟು... ನನಗೆ ಹಡಗಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಮುಂಬೈಗೆ.”

“ಯಾವಾಗ ಗೊತ್ತಾತು?”

“ಎರಡನೇ ಭಾಗ ಶುರು ಮಾಡುವ ಮೊದಲೇ.”

ಅಂದರೆ ದಿನಾ ಪಕ್ಕದಲ್ಲಿ ಕೂತಿದ್ದವನು ಹೊರಟು ನಿಂತವನೇ!

“ಹಂಗಾದ್ರ ನನಗೂ ಒಂದು ಹೋಟೆಲ್ ಇಟ್ಟುಕೊಟ್ಟು ಹೋಗ್ರಿ,” ಎಂದಳು. ಹೊರಟುಬಿಟ್ಟಳು. ತಿರುಗಿ ನೋಡಲಿಲ್ಲ.

ಅವನು ಹೋದ. ಅವಳು ಹಟ ಹಿಡಿದು ಹಿಬಾಳಿಂದ ಇಂಗ್ಲಿಷ್ ಕಲಿತಳು. ಅಡುಗೆಮನೆ ಬಿಟ್ಟು ಹೆರಾಲ್ಡರ ಅಂಗಡಿಯ ಕೌಂಟರಿಗೆ ಬಂದಳು. ಹಡಗಿನಿಂದ ಪಾಸ್ಕಲ್‌ನ ಫೋನು ಬಂದರೆ ಮಾತಾಡದೆ ಹೆರಾಲ್ಡರ ಕೈಗಿಡುತ್ತಿದ್ದಳು. ಆಮೇಲೆ, ‘ಏನಂದರು?’ ಎಂದು ಕೇಳದಿರಲು ಕಷ್ಟಪಡುತ್ತಿದ್ದಳು.

ಕೆಲವು ವರ್ಷಗಳಲ್ಲಿ ಆಟದ ಮೂರನೆಯ ಭಾಗ ಬಂತು.

“ಸಪ್ಪೆ ಮಾರಾಯ್ತಿ. ಕಳ್ಳ ಮುದುಕ ಆಗಿದ್ದಾನೆ. ನಗುವೂ ಇಲ್ಲ, ಅಳುವೂ ಇಲ್ಲ. ಯಾರೂ ಕೇಳುವುದಿಲ್ಲ,” ಎಂದರು ಹೆರಾಲ್ಡ್.

ಅವಳೊಬ್ಬಳೇ ಆಡಿದಳು. ಕಡಲು ಕಪ್ಪೂ ಅಲ್ಲ, ನೀಲಿಯೂ ಅಲ್ಲ. ಬೆಳಗಾಗುವ ಮುಂಚಿನ ಬೂದಿ ಬಣ್ಣ. ಬೋಂಡ ಆ ದ್ವೀಪಕ್ಕೆ ಮರಳಿದ. ದ್ರಾಕ್ಷಿ ಬಂದೂಕು ಎತ್ತಿ, ‘ಯಾಕೆ ಬಂದೆ?’ ಎಂದಳು. ಅವನು ಹೇಳಬಹುದಾದ ಮೂರು ಮಾತುಗಳು ಕೆಳಗೆ ಮೂಡಿದವು. ಆಡುವವರು ಒಂದನ್ನು ಆರಿಸಬೇಕು.

ದ್ರಾಕ್ಷಾಯಿಣಿಯಿಂದ ಆರಿಸಲು ಆಗಲಿಲ್ಲ. ದಿನವೂ ಅಲ್ಲಿಗೆ ಬಂದು ಆಟ ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು. ಬಿಸಿಲಿಗೆ ಕಂದಿದ ಮುಖ, ಹೆಗಲಲ್ಲಿ ಚೀಲ. ಪಾಸ್ಕಲ್!

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಓದಿ ಹೇಳಬೇಕಾ?” ಮೆಲ್ಲಗೆ ಕೇಳಿದ.

“ಬ್ಯಾಡ. ನಾನೇ ಓದತೀನಿ. ನೀವು ಆರಿಸ್ರಿ.” ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು. “‘ದಾರಿ ತಪ್ಪಿ ಬಂದೆ.’ ‘ಬಂಗಾರ ಎಲ್ಲಿ?’ ‘ಹೇಳದೆ ಹೋದೆ, ತಪ್ಪಾಯಿತು.’”

ಅವನು ಬಗ್ಗಿ ಮೂರನೆಯದನ್ನು ಒತ್ತಿದ. “ಹಡಗು ಬಿಟ್ಟೆ. ಕಾರ್ಕಳದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ನೋಡಿದ್ದೇನೆ. ಇನ್ನೂ ಬಾಡಿಗೆಗೆ ಹಿಡಿದಿಲ್ಲ. ಈ ಸಲ ನಿನಗೆ ಮೊದಲು ಹೇಳುವ ಅಂತ ಬಂದೆ.”

ಪರದೆಯಲ್ಲಿ ಬಂದೂಕುಗಾರ್ತಿಯ ಉತ್ತರ ಮೂಡಿತು. ದ್ರಾಕ್ಷಾಯಿಣಿ ತುಂಬ ಹೊತ್ತು ಅದನ್ನೇ ನೋಡಿದಳು.

“‘ಊಟ ಆತೇನು?’ ಅಂತ ಕೇಳ್ಯಾಳ.”

ಪಾಸ್ಕಲ್ ಪರದೆ ನೋಡಿದ. “ಹಾಗೆ ಬರೆದಿಲ್ಲ ದ್ರಾಕ್ಷಿ. ‘ಹೊರಟುಹೋಗು’ ಅಂತ ಉಂಟು.”

“ಗೊತ್ತದ. ಆಕಿ ಹಂಗ ಅಂದಾಳ.” ಅವಳು ತನ್ನ ಬುತ್ತಿಯ ಗಂಟು ಬಿಚ್ಚಿದಳು. “ನಾ ಕೇಳಾಕ್ಹತ್ತೀನಿ.”