ಕೊಟ್ರಮ್ಮನವರ ಮದುವೆ ಸಿ.ಡಿ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ಜಗಳೂರಿನ ನನ್ನ ಸ್ಟುಡಿಯೊದಲ್ಲಿ ಹಾಡಹಗಲೇ ನಡೆದದ್ದು. ಕೊಟ್ರಮ್ಮ ತಮ್ಮ ಮದುವೆಯ ಹಳೇ ಸಿ.ಡಿ. ತಂದು, "ಮೊಬೈಲಿನಾಗೆ ಓಡೋ ಹಂಗೆ ಮಾಡಿಕೊಡಪ್ಪ" ಎಂದರು.

ಕಂಪ್ಯೂಟರಿಗೆ ಹಾಕಿ ನೋಡಿದೆವು. ಊಟದ ಪಂಕ್ತಿಯಲ್ಲಿ ಒಂದು ಎಲೆಯ ಮುಂದೆ ಯಾರೂ ಕೂತಿರಲಿಲ್ಲ. ಬಡಿಸಿದ ಅನ್ನ ಹಾಗೇ ಇತ್ತು.

"ನಮ್ಮವ್ವಂದು ಅದು. ನನ್ನ ಲಗ್ನ ನೋಡಾಕೆ ಅವಳು ಉಳೀಲಿಲ್ಲ. ಅಪ್ಪ ಹಟ ಮಾಡಿ ಎಲೆ ಹಾಕಿಸಿದ್ರು."

ಫೈಲು ಎಂಪಿ4ಗೆ ಬದಲಾಗುತ್ತಿದ್ದಾಗ ಅಂಗಡಿಯಲ್ಲಿ ಬಿಸಿ ಅನ್ನ ಬಿದ್ದ ಬಾಳೆಎಲೆಯ ವಾಸನೆ ಹಬ್ಬಿತು. ಮೊಬೈಲಿಗೆ ಹಾಕಿಕೊಟ್ಟೆ. ಓಡಿಸಿ ನೋಡಿದಾಗ ಅದೇ ಪಂಕ್ತಿ ಬಂತು. ಆ ಜಾಗದಲ್ಲಿ ಆಗಲೂ ಯಾರೂ ಇರಲಿಲ್ಲ. ಎಲೆ ಮಾತ್ರ ಉಂಡು ಮಡಚಿಟ್ಟಂತಿತ್ತು.

ಕೊಟ್ರಮ್ಮ ಕಣ್ಣೊರೆಸಿಕೊಂಡು, "ಅವ್ವ ಉಂಡಾಳೆ" ಎಂದರು.

ಸಿ.ಡಿ. ಇನ್ನೂ ನನ್ನಲ್ಲೇ ಇದೆ. ಅದರಲ್ಲಿ ಅನ್ನ ಹಾಗೇ ಇದೆ.