ಸಂಪಿಗೆಗೆ ತಿಳಿದ ಬೀಗದ ಕೈ

2004ರ ಅಕ್ಟೋಬರ್ 11, ಸೋಮವಾರ. ಬೆಳಗ್ಗೆ ಒಂಬತ್ತೂವರೆಗೆ ಬಸವನಗುಡಿಯ ಠಾಣೆಗೆ ಸುಪ್ರಜಾ ಎಂಬ ಗೃಹಿಣಿ ದೂರು ತಂದಳು. ಹಿಂದಿನ ದಿನ ಮನೆಯವರೆಲ್ಲ ಮಲ್ಲೇಶ್ವರದ ನೆಂಟರ ಮನೆಗೆ ತಿಥಿಗೆ ಹೋಗಿದ್ದಾಗ ಯಾರೋ ಒಳಗೆ ನುಗ್ಗಿದ್ದರು. ಹೋದದ್ದೇನು? ಅತ್ತೆ ಅಂಬುಜಮ್ಮನವರ ಪಟ್ಟದ ಗೊಂಬೆಗಳು. ನವರಾತ್ರಿಯಲ್ಲಿ ಎಲ್ಲಕ್ಕಿಂತ ಮೊದಲು ಕೂರಿಸುವ ಮರದ ರಾಜ, ರಾಣಿ. ಪಕ್ಕದಲ್ಲೇ ಇದ್ದ ಬೆಳ್ಳಿ ತಟ್ಟೆ ಇದ್ದಲ್ಲೇ ಇತ್ತು.

"ಬೆಳ್ಳಿ ಬಿಟ್ಟು ಮರ ಹೊತ್ಕೊಂಡು ಹೋದ್ನಾ? ಎಂಥಾ ಪುಣ್ಯಾತ್ಮ ಇವನು!" ಎಂದರು ಇನ್‌ಸ್ಪೆಕ್ಟರ್ ವೀರಭದ್ರಯ್ಯ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಕಳವನ್ನು ಅವರು ಕಂಡಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಬೀಗದ ಕೈಯನ್ನು ಮೀಟರ್ ಬೋರ್ಡಿನ ಹಿಂದೆ ಸಿಕ್ಕಿಸಿ ಹೋಗುವುದು ಆ ಮನೆಯ ರೂಢಿ.

"ಅದು ಯಾರ್ಯಾರಿಗೆ ಗೊತ್ತು?"

"ನಮಗೆ. ಆಮೇಲೆ... ಕೆಲಸದ ಅಂಜಿನಮ್ಮನಿಗೆ," ಎಂದಳು ಸುಪ್ರಜಾ.

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಅಂಜಿನಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. "ಮದುವೆಯಾಗಿ ಬಂದಾಗಿಂದ ಆ ಮನೇಲಿ ಪಾತ್ರೆ ತೊಳ್ದಿದೀನಿ ಸಾಮಿ. ಒಂದು ಚಮಚ ಮುಟ್ಟಿಲ್ಲ. ಕಳ್ಳಿ ಅನ್ನಿಸ್ಕೊಂಡ್ಮೇಲೆ ನನ್ನ ಯಾರು ಒಳಗೆ ಬಿಟ್ಕೋತಾರೆ?" ಎಂದು ಗೋಳಾಡಿದಳು. ವೀರಭದ್ರಯ್ಯ ಅವಳಿಗೆ ಟೀ ತರಿಸಿಕೊಟ್ಟರು. ಆದರೆ ಅನುಮಾನಿಸಲು ಬೇರೆ ಯಾರಿದ್ದಾರೆ?

ಮಹಿಳಾ ಪೇದೆ ರುದ್ರಾಣಿ ಹತ್ತಿರ ಬಂದು ಪಿಸುಗುಟ್ಟಿದಳು. "ಸಾರ್, ಆ ಸೊಸೆ ಮುಖ ನೋಡಿದ್ರಾ? ಇವಳ ಹೆಸರು ಹೇಳಿದಾಗಿಂದ ಕಣ್ಣೇ ಎತ್ತಿಲ್ಲ."

ಮೂರು ಗಂಟೆಗೆ ಇಬ್ಬರೂ ಮತ್ತೆ ಆ ಮನೆಗೆ ಹೋದರು. ಅತ್ತೆ ಒಳಕೋಣೆಯಲ್ಲಿದ್ದರು.

"ನೋಡಮ್ಮ, ಇವತ್ತು ಅಂಜಿನಮ್ಮನ್ನ ಅರೆಸ್ಟ್ ಮಾಡ್ಬೇಕಾಗುತ್ತೆ. ಮಾಡ್ಲಾ?"

"ಬೇಡಿ ಸಾರ್!" ಸುಪ್ರಜಾ ಅತ್ತೇಬಿಟ್ಟಳು. "ಅವಳಲ್ಲ. ತಪ್ಪು ನಂದು. ಅತ್ತೆಗೆ ಹೇಗೆ ಮುಖ ತೋರಿಸ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ."

ಶನಿವಾರ ಕಂಪ್ಯೂಟರಿನಲ್ಲಿ ಎರಡು ಚಾಟ್ ತೆರೆದು ಕೂತಿದ್ದಳಂತೆ. ಒಂದರಲ್ಲಿ ಆಫೀಸಿನಲ್ಲಿದ್ದ ಗಂಡ ರಾಘವ. ಇನ್ನೊಂದರಲ್ಲಿ ಬಸವನಗುಡಿಯವರ ಚಾಟ್ ರೂಮಿನಲ್ಲಿ ಪರಿಚಯವಾದ, ಮುಖವನ್ನೇ ನೋಡಿರದ ಗೆಳತಿ, ಹೆಸರು 'ಸಂಪಿಗೆ'. "ನಾಳೆ ಇಡೀ ದಿನ ಮನೇಲಿ ಯಾರೂ ಇರಲ್ಲ, ನೀವು ಅಲ್ಲಿಂದ ಬೇಗ ಹೊರಟು ಬಂದ್ರೆ ಕೀ ಯಾವಾಗಿನ ಹಾಗೆ ಮೀಟರ್ ಬೋರ್ಡ್ ಹಿಂದೆ ಇರುತ್ತೆ" ಎಂದು ಗಂಡನಿಗೆ ಬರೆದದ್ದು ಸಂಪಿಗೆಗೆ ಹೋಗಿತ್ತು. ಗಾಬರಿಯಾಗಿ ಸಾರಿ ಕೇಳಿದ್ದಕ್ಕೆ "ಬಿಡಿ, ಯಾರಿಗೂ ಹೇಳಲ್ಲ" ಎಂಬ ಉತ್ತರವೂ ಬಂದಿತ್ತು.

ಅಬ್ಬಬ್ಬಾ ಎನ್ನಿಸಿತು ವೀರಭದ್ರಯ್ಯನವರಿಗೆ. ಈ ಜನ ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿದ್ದಾರೆ, ಕಾಂಪೌಂಡಿಗೆ ಗಾಜಿನ ಚೂರು ನೆಡಿಸಿದ್ದಾರೆ. ಬೆರಳು ಒಂದು ಸಲ ಒತ್ತಿದ್ದಕ್ಕೆ ಮನೆಯ ಗುಟ್ಟು ಅದನ್ನೆಲ್ಲ ದಾಟಿ ಹೊರಟುಹೋಯಿತು. ಓಡಿ ಹೋಗಿ ಹಿಡಿದು ತರೋಣವೆಂದರೆ ಯಾವ ದಾರಿಯಲ್ಲಿ ಓಡುವುದು?

"ಹಳೇ ಮಾತುಕತೆ ಇದೆಯಾ?"

"ಎಲ್ಲಾ ಸೇವ್ ಆಗಿದೆ ಸಾರ್."

ಅವರು ಕುರ್ಚಿ ಎಳೆದುಕೊಂಡು ಓದಿದರು. ತಿಂಗಳುಗಟ್ಟಲೆ ಮಾತು. ಸಂಪಿಗೆ ಒಡವೆ ಕೇಳಿಲ್ಲ, ದುಡ್ಡು ಕೇಳಿಲ್ಲ. ಇವತ್ತು ಅತ್ತೆ ಏನು ತಿಂದ್ರು? ಕೆಮ್ಮು ಕಮ್ಮಿ ಆಯ್ತಾ? ಈಗಲೂ ಹೂ ಕಟ್ಟುವಾಗ ಹಾಡು ಹೇಳ್ಕೋತಾರಾ? ವೀರಭದ್ರಯ್ಯ ಆ ಸಾಲಿಗೆ ಬೆರಳಿಟ್ಟರು.

"ಈಗಲೂ ಅಂದ್ರೆ ಮುಂಚೆ ಕೇಳಿರೋಳು ಇವಳು. ನಿಮ್ಮೆಜಮಾನ್ರಿಗೆ ಅಕ್ಕ ತಂಗೀರು ಇದಾರಾ?"

"ಅಕ್ಕ ಇದ್ರಂತೆ, ಕೋಕಿಲಾ ಅಂತ. ಬೇರೆ ಜಾತಿಯೋರನ್ನ ಮದುವೆ ಮಾಡ್ಕೊಂಡ್ರು ಅಂತ ಇಲ್ಲಿ ಹೆಸರೇ ಎತ್ತಲ್ಲ. ನಾನು ನೋಡೇ ಇಲ್ಲ..." ಹೇಳುತ್ತಿದ್ದಂತೆ ಸುಪ್ರಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ವಿಳಾಸವನ್ನು ರಾಘವ ಫೋನಿನಲ್ಲಿ ಕೊಟ್ಟ. ಚಾಮರಾಜಪೇಟೆಯ ಒಂದು ವಠಾರ, ಒಂದೇ ಕೋಣೆಯ ಮನೆ. ಬಾಗಿಲು ತೆರೆದವಳು ಖಾಕಿ ಕಂಡು ಪಕ್ಕಕ್ಕೆ ಸರಿದಳು. ನವರಾತ್ರಿಗೆ ಇನ್ನೂ ಮೂರು ದಿನವಿತ್ತು. ಆಗಲೇ ಟ್ರಂಕಿನ ಮೇಲೆ ಬಿಳಿ ಪಂಚೆ ಹಾಸಿ ರಾಜ, ರಾಣಿಯನ್ನು ಕೂರಿಸಿದ್ದರು. ಮೈಗೆ ಹೊಸ ರೇಷ್ಮೆ ತುಂಡು, ಮುಂದೆ ದೀಪ. ಆ ಮರದ ಕಣ್ಣುಗಳು ಬೆಳಕಿನಲ್ಲಿ ನೆಟ್ಟಗೆ ನೋಡುತ್ತಿದ್ದವು. ಎದುರಿಗೆ ಅವಳ ಮಗಳು ಕೈ ಮುಗಿದು ಕೂತಿದ್ದಳು. ವೀರಭದ್ರಯ್ಯ ಹೊಸ್ತಿಲಿನ ಹೊರಗೇ ಬೂಟು ಬಿಚ್ಚಿದರು. ಆರೋಪಿಯ ಮನೆಯಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

"ಸಂಪಿಗೆ ನೀವೇನಾ?"

"ಹೌದು ಸಾರ್."

ಗೊಂಬೆಗಳನ್ನು ಜಪ್ತಿ ಮಾಡಿ, ಕೋಕಿಲಾಳನ್ನು ಬಂಧಿಸಿ ಕರೆತಂದಾಗ ಠಾಣೆಯ ಬೆಂಚು ಖಾಲಿಯಾಗಿತ್ತು. ಸುಪ್ರಜಾ ತಾನೇ ಬಂದು, ಎಲ್ಲರೆದುರು ಅಂಜಿನಮ್ಮನ ಕೈ ಹಿಡಿದು ತಪ್ಪೊಪ್ಪಿಕೊಂಡು, ಆಟೋದಲ್ಲಿ ಕರೆದುಕೊಂಡು ಹೋಗಿದ್ದಳು.

ರುದ್ರಾಣಿ ಹೇಳಿಕೆ ಬರೆದುಕೊಳ್ಳಲು ಕೂತಳು.

"ಗೊಂಬೆ ಯಾಕೆ ತಗೊಂಡ್ರಿ?" ಎಂದರು ವೀರಭದ್ರಯ್ಯ.

"ಅಜ್ಜಿ ಅಮ್ಮನ ಮದುವೇಲಿ ಕೊಟ್ಟಿದ್ದು. ನಿನ್ನ ಮದುವೆಗೆ ನಿನಗೇ ಅಂತ ಅಮ್ಮ ಹೇಳ್ತಿದ್ರು. ನನ್ನ ಮದುವೆಗೆ ಅವ್ರು ಬರ್ಲೇ ಇಲ್ಲ." ಕೋಕಿಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ಅದಕ್ಕೋಸ್ಕರ ಹೋಗಿದ್ದಲ್ಲ ಸಾರ್. ಸೈಬರ್ ಕೆಫೇಲಿ ಕೂತು ಕೀ ಎಲ್ಲಿದೆ ಅಂತ ಓದಿದಾಗ, ಯಾರೋ ಒಳಗೆ ಬಾ ಅಂತ ಕರೆದಂಗಾಯ್ತು. ಹೋಗಿ ಅಮ್ಮನ ಮಂಚದ ಮೇಲೆ ಸ್ವಲ್ಪ ಹೊತ್ತು ಮಲ್ಕೊಂಡಿದ್ದೆ. ಗೊಂಬೆ ಕಣ್ಣಿಗೆ ಬಿದ್ದಿದ್ದು ಎದ್ದು ಬರುವಾಗ."

ರುದ್ರಾಣಿಯ ಪೆನ್ನು ನಿಂತಿತು. "ಮಂಚದ ವಿಷಯಾನೂ ಬರೀಲಾ ಸಾರ್?"

"ಬರಿ," ಎಂದರು ವೀರಭದ್ರಯ್ಯ. "ಅದನ್ನೇ ಮೊದಲು ಬರಿ."